ಹಾಲುಹಲ್ಲಿನದೋ ಬಾಯಿಗೂಡಿದ್ದೋ: ಎರಡು ಕಾಡುಕುದುರೆ ಸಾಕಿ ಕಂಡದ್ದು

ಮೊದಲೇ ಹೇಳಿಬಿಡುತ್ತೇನೆ. ಅಮೆರಿಕದ ಕಾಡುಕುದುರೆ ಮಸ್ಟ್ಯಾಂಗನ್ನು ದತ್ತು ತೆಗೆದುಕೊಳ್ಳುವ ಮನಸ್ಸಿದ್ದರೆ ಆರರಿಂದ ಎಂಟು ವರ್ಷದ್ದನ್ನು ತನ್ನಿ. ಮರಿಯನ್ನು ತರಬೇಡಿ. ನಾನು ಮೊದಲು ತಂದದ್ದು ಹನ್ನೊಂದು ತಿಂಗಳ ಹೆಣ್ಣುಮರಿ ಗೌರಿಯನ್ನು. ಎರಡು ವರ್ಷದ ಬಳಿಕ ತಂದದ್ದು ಏಳು ವರ್ಷದ, ಬೀಜ ತೆಗೆಸಿದ ಗಂಡು ಕುದುರೆ ಕೆಂಚನನ್ನು. ಗೌರಿ ಈಗ ನಮ್ಮಲ್ಲಿಲ್ಲ. ಕೆಂಚ ಇದ್ದಾನೆ, ಇರುತ್ತಾನೆ.

ನಾವಿರುವುದು ನೆವಾಡದ ರೀನೋ ಊರಿನಾಚೆ. ಈ ದೇಶದ ಕಾಡುಕುದುರೆಗಳಲ್ಲಿ ಸುಮಾರು ಅರ್ಧದಷ್ಟು ಇದೇ ರಾಜ್ಯದ ಬಯಲುಗಳಲ್ಲಿವೆ. 1971ರ ಕಾಯ್ದೆ ಅವುಗಳಿಗೆ ರಕ್ಷಣೆ ಕೊಟ್ಟಿದೆ. ಬಯಲಿನ ಮೇವಿಗೆ ಮೀರಿ ಹೆಚ್ಚಿದಾಗ ಕೇಂದ್ರ ಸರ್ಕಾರದ ಭೂ ನಿರ್ವಹಣಾ ಸಂಸ್ಥೆಯವರು ಕೆಲವನ್ನು ಹಿಡಿದು ತಂದು ದತ್ತು ಕೊಡುತ್ತಾರೆ. ಪಳಗಿಸದ ಕುದುರೆಗೆ ಕನಿಷ್ಠ ಶುಲ್ಕ 125 ಡಾಲರ್, ಮರಿಗೂ ಅಷ್ಟೇ, ಬೆಳೆದದ್ದಕ್ಕೂ ಅಷ್ಟೇ. ಒಂದು ವರ್ಷ ಸರಿಯಾಗಿ ನೋಡಿಕೊಂಡಿದ್ದೀರಿ ಎಂದು ಪಶುವೈದ್ಯರು ಬರೆದುಕೊಟ್ಟ ಮೇಲೆ ಹಕ್ಕುಪತ್ರ ನಿಮ್ಮ ಹೆಸರಿಗೆ ಬರುತ್ತದೆ. ಅಲ್ಲಿಯವರೆಗೆ ಕುದುರೆ ಸರ್ಕಾರದ್ದು.

ಮರಿಯನ್ನೇ ಏಕೆ ತಂದೆ ಎಂದರೆ, ನಮ್ಮ ಊರಿನ ಲೆಕ್ಕವನ್ನೇ ಇಲ್ಲಿಯೂ ಹಾಕಿದೆ. ನಾನು ಕಡೂರು ಕಡೆಯವನು. ಬೀರೂರಿನಲ್ಲಿ ಅಮೃತಮಹಲ್ ಹೋರಿಕರುಗಳ ಹರಾಜು ನಡೆಯುತ್ತದೆ. ಕಾವಲಿನಲ್ಲಿ ಮನುಷ್ಯರ ಕೈಗೆ ಸಿಗದೆ ಬೆಳೆದ ಕರುಗಳವು. ನಮ್ಮ ತಾತ ಅಲ್ಲಿಂದ ಹಾಲುಹಲ್ಲಿನ ಜೋಡಿ ತಂದು ಪಳಗಿಸುತ್ತಿದ್ದುದನ್ನು ನೋಡಿ ಬೆಳೆದವನಿಗೆ, ಕಾಡುಪ್ರಾಣಿಯನ್ನು ಎಳೆಯದರಲ್ಲೇ ತರಬೇಕು ಎನ್ನುವುದು ಪ್ರಶ್ನೆಯೇ ಆಗಿರಲಿಲ್ಲ. ಒಂದನ್ನು ಮಾತ್ರ ಮರೆತಿದ್ದೆ. ತಾತ ಎಳೆಯ ಹೋರಿಗೆ ಮೊದಲ ಸಲ ನೊಗ ಹೂಡುವಾಗ ಇನ್ನೊಂದು ಕಡೆಗೆ ಬಾಯಿಗೂಡಿದ, ಅಂದರೆ ಹಲ್ಲೆಲ್ಲ ಬಂದು ಪ್ರಾಯ ತುಂಬಿದ, ಹಳೆಯ ಎತ್ತನ್ನು ಕಟ್ಟುತ್ತಿದ್ದರು. ಹೋರಿಗೆ ನಡೆ, ನಿಲ್ಲು, ತಿರುಗು ಎಂದು ಕಲಿಸುತ್ತಿದ್ದುದು ತಾತನಿಗಿಂತ ಹೆಚ್ಚಾಗಿ ಆ ಎತ್ತು. ಗೌರಿಯ ಪಕ್ಕದಲ್ಲಿ ಅಂಥ ಯಾರೂ ಇರಲಿಲ್ಲ.

ಮೂರೇ ವಾರಕ್ಕೆ ಅವಳು ನನ್ನ ಕೈಯಿಂದ ಹುಲ್ಲು ತಿಂದಳು. ಆರನೆಯ ವಾರಕ್ಕೆ ನಾಲ್ಕೂ ಕಾಲನ್ನು ಕೊಟ್ಟಳು. ಇದಕ್ಕಿಂತ ಸುಲಭ ಯಾವುದಿದೆ ಎಂದು ಊರಿಗೆಲ್ಲ ವಿಡಿಯೊ ಕಳಿಸಿದೆ. ಅವಳಿಗೆ ಹೋಗಿದ್ದುದು ಭಯ ಮಾತ್ರ, ಬುದ್ಧಿ ಬಂದಿರಲಿಲ್ಲ. ತೋಳು ಕಚ್ಚುವುದು, ಬೆನ್ನು ತಿರುಗಿಸಿದರೆ ಎದೆಯಿಂದ ನೂಕುವುದು, ಆಟಕ್ಕೆಂದು ಮುಂಗಾಲು ಎತ್ತಿ ಹೆಗಲ ಮೇಲೆ ಇಡಲು ಬರುವುದು ಶುರುವಾಯಿತು. ಕುದುರೆಮರಿಗಳು ತಮ್ಮತಮ್ಮಲ್ಲಿ ಆಡುವುದೇ ಹೀಗೆ. ಗುಂಪಿನಲ್ಲಿದ್ದಿದ್ದರೆ ಯಾವುದೋ ದೊಡ್ಡ ಹೆಣ್ಣುಕುದುರೆ ಕಿವಿ ಹಿಂದಕ್ಕೆ ಮಡಚಿ ಒಂದು ಸಲ ಕಚ್ಚಿ ಅಲ್ಲಿಗೇ ನಿಲ್ಲಿಸುತ್ತಿತ್ತು. ನಾನು ದನಿ ಏರಿಸಿದರೆ ಅವಳಿಗೆ ಅದೂ ಆಟವೇ. ಒಂದು ಸಂಜೆ ನನ್ನ ಒಂಬತ್ತು ವರ್ಷದ ಮಗಳು ನೀರಿನ ತೊಟ್ಟಿಯ ಬಳಿ ನಿಂತಿದ್ದಾಗ ಗೌರಿ ಹಿಂದಿನಿಂದ ಬಂದು ನೂಕಿದಳು. ಮಗಳು ತೊಟ್ಟಿಯ ಅಂಚಿಗೆ ಬಿದ್ದು ಗಲ್ಲ ಹರಿದು ನಾಲ್ಕು ಹೊಲಿಗೆ ಬಿತ್ತು. ಗೌರಿಯಲ್ಲಿ ಕೇಡು ಇರಲಿಲ್ಲ. ತಪ್ಪು ಅವಳನ್ನು ಒಂಟಿಯಾಗಿ ತಂದ ನನ್ನದು.

ಹಕ್ಕುಪತ್ರ ಬಂದ ಮೇಲೆ ವಯಸ್ಸಾದ ಎರಡು ಹೆಣ್ಣುಕುದುರೆಗಳಿರುವ ಒಂದು ಮನೆಗೆ ಅವಳನ್ನು ಕೊಟ್ಟೆವು. ಇಳಿಸಿದ ದಿನ ನೋಡಿದ್ದನ್ನು ಮರೆಯಲಾರೆ. ದೊಡ್ಡ ಕುದುರೆ ಕಿವಿ ಮಡಚಿ ಎರಡು ಹೆಜ್ಜೆ ಮುಂದೆ ಬಂದಿತು, ಅಷ್ಟೇ. ಗೌರಿ ಕತ್ತು ತಗ್ಗಿಸಿ, ತುಟಿ ಹಿಂದಕ್ಕೆಳೆದು, ಹಾಲು ಕುಡಿಯುವ ಮರಿಯಂತೆ ಬಾಯಿ ಚಪ್ಪರಿಸತೊಡಗಿದಳು. ನಾನು ಚಿಕ್ಕವಳು, ಹೊಡೆಯಬೇಡ ಎಂದು ಹೇಳುವ ಕುದುರೆಯ ಭಾಷೆ ಅದು. ಒಂದು ವರ್ಷದಲ್ಲಿ ನನಗೆ ಒಂದು ದಿನವೂ ಅವಳು ಹಾಗೆ ಮಾಡಿರಲಿಲ್ಲ.

ಕೆಂಚನ ಕಥೆ ತಿರುಗುಮುರುಗು. ಹೆಲಿಕಾಪ್ಟರ್ ಹಾರಿಸಿ ಗುಂಪಿನೊಡನೆ ದೊಡ್ಡಿಗೆ ಸೇರಿಸಿದಾಗ ಅವನಿಗೆ ಆರು ವರ್ಷ. ಕತ್ತಿನ ಎಡಬದಿಯಲ್ಲಿ, ದ್ರವ ಸಾರಜನಕದಲ್ಲಿ ತಣಿಸಿದ ಅಚ್ಚು ಒತ್ತಿದ ಜಾಗದಲ್ಲಿ ಬೆಳ್ಳಗೆ ಬೆಳೆದ ಕೂದಲಿನ ಗುರುತಿದೆ. ಹುಟ್ಟಿದ ವರ್ಷವನ್ನು ಅದರಲ್ಲೇ ಓದಬಹುದು. ಹತ್ತೊಂಬತ್ತು ದಿನ ಅವನು ನನ್ನಿಂದ ದೊಡ್ಡಿಯ ಇನ್ನೊಂದು ಮೂಲೆಗೇ ಹೋಗಿ ನಿಂತ. ರಾತ್ರಿ ಪಾಳಿ ಮುಗಿಸಿ ಬಂದು, ಬೆಳಗಿನ ಹೊತ್ತು ಎರಡು ಗಂಟೆ ಬಕೆಟ್ ಬೋರಲು ಹಾಕಿ ಕುಳಿತು ಏನಾದರೂ ಓದುತ್ತಿದ್ದೆ. ಇಪ್ಪತ್ತನೆಯ ಬೆಳಿಗ್ಗೆ ಅವನ ಮೂಗಿನ ಬಿಸಿ ಉಸಿರು ನನ್ನ ಹಿಂಗತ್ತಿಗೆ ಬಡಿಯಿತು. ತಿರುಗಲಿಲ್ಲ. ಕಾಲರ್ ಮೂಸಿದ, ಟೋಪಿ ಮೂಸಿದ, ಫುರ್ ಎಂದು ಊದಿ ಹಿಂದೆ ಸರಿದ. ಅಂದಿನಿಂದ ಇಂದಿನವರೆಗೆ ಒಂದು ಸಲವೂ ನನ್ನನ್ನು ನೂಕಿಲ್ಲ, ಕಚ್ಚಿಲ್ಲ. ಇನ್ನೊಬ್ಬರ ಮೈಯಿಂದ ಎಷ್ಟು ದೂರ ನಿಲ್ಲಬೇಕು ಎನ್ನುವುದನ್ನು ಆರು ವರ್ಷ ಅವನ ಗುಂಪೇ ಅವನಿಗೆ ಕಲಿಸಿ ಕಳಿಸಿದೆ. ಅದನ್ನು ಯಾವ ತರಬೇತುದಾರನೂ ಮಾರುವುದಿಲ್ಲ.

ತೊಡಕು ಬಂದದ್ದು ಗೊರಸಿನಲ್ಲಿ. ಬಯಲಿನಲ್ಲಿದ್ದಾಗ ಕುದುರೆ ನೀರಿಗೂ ಮೇವಿಗೂ ಕಲ್ಲುನೆಲದ ಮೇಲೆ ಮೈಲಿಗಟ್ಟಲೆ ನಡೆಯುತ್ತದೆ, ಗೊರಸು ತಾನಾಗಿಯೇ ಸವೆಯುತ್ತದೆ. ನಮ್ಮ ದೊಡ್ಡಿಯದು ಮರಳುನೆಲ. ಸವೆಯದೆ ಬೆಳೆಯುತ್ತಲೇ ಹೋಗುತ್ತದೆ, ಆರರಿಂದ ಎಂಟು ವಾರಕ್ಕೊಮ್ಮೆ ಕತ್ತರಿಸಬೇಕು. ಕತ್ತರಿಸಲು ಅವನು ಕಾಲು ಕೊಡಬೇಕು. ಬೇಟೆಗೆ ಸಿಗುವ ಪ್ರಾಣಿಗೆ ಕಾಲೆಂದರೆ ಜೀವ. ಮುಂಗಾಲುಗಳನ್ನು ಎರಡು ತಿಂಗಳಿಗೆ ಕೊಟ್ಟ. ಹಿಂಗಾಲು ಮುಟ್ಟಲು ಹೋದರೆ ಒದೆತ. ಅದರಲ್ಲೂ ಬಲ ಹಿಂಗಾಲು.

ಊರಿನಲ್ಲಿ ಎತ್ತಿಗೆ ಲಾಳ ಕಟ್ಟುವವರು ಹಗ್ಗ ಹಾಕಿ ಕೆಡವಿ, ನಾಲ್ಕೂ ಕಾಲು ಸೇರಿಸಿ ಬಿಗಿದು ಕೆಲಸ ಮುಗಿಸುತ್ತಾರೆ. ಇಲ್ಲಿ ಗೊರಸು ಕತ್ತರಿಸುವವರು ಬಂದು, ಕೆಂಚನನ್ನು ಐದು ನಿಮಿಷ ನೋಡಿ, ‘ಆ ಕಾಲನ್ನು ಅವನಾಗಿಯೇ ನಿಮ್ಮ ಕೈಗೆ ಕೊಡುವವರೆಗೆ ನನ್ನನ್ನು ಕರೆಯಬೇಡಿ’ ಎಂದು ಹೇಳಿ ಹೊರಟರು. ಆ ದಿನ ಬಹಳ ಬೇಸರವಾಗಿತ್ತು. ಅವರು ಹೇಳಿದ್ದೇ ಸರಿ ಎಂದು ಈಗ ಅನ್ನಿಸುತ್ತದೆ.

ಚಳಿಗಾಲದ ಹಳೆಯ ಚರ್ಮದ ಕೈಗವಸೊಂದಕ್ಕೆ ಬಟ್ಟೆ ತುಂಬಿ ಆರಡಿ ಕೋಲಿನ ತುದಿಗೆ ಕಟ್ಟಿದೆ. ಆ ಸುಳ್ಳು ಕೈಯಿಂದ ಮೊದಲು ಪಿರ್ರೆ, ಆಮೇಲೆ ತೊಡೆ, ಆಮೇಲೆ ಮೊಣಕಾಲಿನ ಹಿಂಭಾಗ ಸವರುವುದು. ಒದ್ದರೆ ಕೋಲು ತೆಗೆಯಬಾರದು. ತೆಗೆದರೆ ಒದೆಯುವುದೇ ಸರಿಯಾದ ಉತ್ತರ ಎಂದು ಅವನು ಕಲಿಯುತ್ತಾನೆ. ಒದೆಯುವುದನ್ನು ನಿಲ್ಲಿಸಿ ಕಾಲು ಸಡಿಲ ಬಿಟ್ಟ ಅದೇ ಗಳಿಗೆಯಲ್ಲಿ ತೆಗೆಯಬೇಕು. ಅರೆಗಳಿಗೆ ತಡವಾದರೂ ಆ ಬೆಳಗಿನ ಪಾಠ ಹಾಳು. ಒಂದು ತಿಂಗಳು ಕೋಲು, ಒಂದು ತಿಂಗಳು ಗೊರಸಿನ ಮೇಲಿನ ಸಂದಿಗೆ ಹತ್ತಿಯ ಹಗ್ಗದ ಕುಣಿಕೆ, ಆಮೇಲೆ ನನ್ನ ಕೈ. ನಡುವೆ ಅವನು ಒಂದು ದಿನ ಕೊಟ್ಟದ್ದನ್ನು ಮರುದಿನ ಕಿತ್ತುಕೊಂಡದ್ದು ಎಷ್ಟು ಸಲವೋ. ಬೆಳೆದ ಗೊರಸಿನ ಅಂಚು ಚಕ್ಕೆಯೇಳುವುದನ್ನು ನೋಡುತ್ತ ನಿದ್ದೆ ಬರುತ್ತಿರಲಿಲ್ಲ. ಪಶುವೈದ್ಯರು ಮಂಪರಿನ ಔಷಧಿ ಕೊಟ್ಟು ಒಂದು ಸಲ ಕತ್ತರಿಸಿಬಿಡೋಣ ಎಂದರು, ಒಪ್ಪಿದೆ. ಅದರೊಂದಿಗೆ ನೀರಿನ ತೊಟ್ಟಿಯ ಸುತ್ತ ಒಂದು ಲೋಡು ಜಲ್ಲಿ ಹರಡಿಸಿದೆ. ನೀರಿಗೆ ಬಂದಾಗಲೆಲ್ಲ ಜಲ್ಲಿ ತುಳಿದು ಗೊರಸು ಸ್ವಲ್ಪ ಸವೆಯತೊಡಗಿತು. ನೀವು ಕುದುರೆ ತರುವ ಮೊದಲೇ ಜಲ್ಲಿ ಹಾಕಿಸಿ.

ಐದನೆಯ ತಿಂಗಳ ಕೊನೆಗೆ, ಬಲ ಹಿಂಗಾಲಿನ ಮೇಲೆ ಕೈಯಿಳಿಸುತ್ತಿದ್ದಂತೆ ಅವನು ಸೊಂಟವನ್ನು ಎಡಕ್ಕೆ ವಾಲಿಸಿ ಗೊರಸಿನ ತುದಿಯನ್ನಷ್ಟೇ ನೆಲಕ್ಕೆ ಊರಿ ನಿಂತ. ಎತ್ತಿದೆ, ಬಂತು. ಅಂಗೈಯಲ್ಲಿ ಅದರ ಭಾರ ಕೂತಾಗ ಅವನ ಕಾಲು ನಡುಗುತ್ತಿತ್ತು, ನನ್ನ ಕೈಯೂ. ಮೂರು ಎಣಿಸಿ ಕೆಳಗಿಟ್ಟೆ.

ಉಳಿದ ವ್ಯತ್ಯಾಸಗಳು ಇಷ್ಟು ಹೊತ್ತು ಬೇಡುವುದಿಲ್ಲ. ಪಳಗದ ದೊಡ್ಡ ಕುದುರೆಗೆ ಬೇಲಿ ಆರಡಿ ಇರಬೇಕು, ಹದಿನೆಂಟು ತಿಂಗಳೊಳಗಿನ ಮರಿಗೆ ಐದಡಿ ಸಾಕು. ಉಳಿಸಲು ಹೋಗಿ ಐದಡಿಯ ಕಬ್ಬಿಣದ ಪ್ಯಾನೆಲ್ ಹಾಕಿಸಿದವನು ಕೆಂಚನಿಗಾಗಿ ಎಲ್ಲವನ್ನೂ ಮತ್ತೆ ಕೊಂಡೆ. ಮರಿಯನ್ನು ತಂದರೂ ಆರಡಿಯದನ್ನೇ ಹಾಕಿಸಿ. ತಿನ್ನುವ ವಿಷಯದಲ್ಲಿ ಮರಿ ಏನು ಕೊಟ್ಟರೂ ತಿನ್ನುತ್ತದೆ, ಕೆಂಚನಿಗೆ ಕ್ಯಾರೆಟ್ ತಿನ್ನುವ ವಸ್ತು ಎಂದು ತಿಳಿಯಲು ಎರಡು ತಿಂಗಳು ಬೇಕಾಯಿತು.

ಖರ್ಚಿನ ಲೆಕ್ಕವೇ ನನ್ನ ಮಟ್ಟಿಗೆ ದೊಡ್ಡದು. ನಾನೂರು ಕಿಲೋ ತೂಕದ ಕುದುರೆಗೆ ದಿನಕ್ಕೆ ಸುಮಾರು ಎಂಟು ಕಿಲೋ ಒಣಹುಲ್ಲು ಬೇಕು, ವರ್ಷಕ್ಕೆ ಮೂರು ಟನ್ ಹತ್ತಿರ. ಮರಿಗೆ ಜೀನು ಹಾಕಲು ಅದಕ್ಕೆ ಮೂರು ನಾಲ್ಕು ವರ್ಷ ತುಂಬುವವರೆಗೆ ಕಾಯಲೇಬೇಕು. ಕಾಲಿನ ಮೂಳೆಗಳು ಬಲಿತು ಮುಗಿಯುವುದು ಆ ಹೊತ್ತಿಗೆ, ಬೆನ್ನುಮೂಳೆ ಬಲಿಯುವುದಕ್ಕೆ ಐದೂ ದಾಟಬೇಕು. ನನಗೆ ನಲವತ್ತೇಳು, ತೂಕ 82 ಕಿಲೋ. ಗೌರಿಯ ಮೇಲೆ ಕೂರಲು ನಾನು ವರ್ಷಗಟ್ಟಲೆ ಕಾಯಬೇಕಿತ್ತು, ಅಷ್ಟು ವರ್ಷವೂ ಹುಲ್ಲಿನ ಲಾರಿ ಬರುತ್ತಲೇ ಇರಬೇಕಿತ್ತು. ಕೆಂಚನ ಮೇಲೆ ಹನ್ನೊಂದನೆಯ ತಿಂಗಳಲ್ಲಿ ಕುಳಿತೆ. ಕುದುರೆ ಇಪ್ಪತ್ತೈದು ಮೂವತ್ತು ವರ್ಷ ಬದುಕುತ್ತದೆ, ಏಳು ವರ್ಷ ಕಳೆದರೂ ನನ್ನ ಪಾಲಿಗೆ ಬೇಕಾದಷ್ಟು ಉಳಿದಿದೆ.

ಮನೆಯಲ್ಲಿ ಆಗಲೇ ಒಂದು ಸಾಧುವಾದ ಹಿರಿಯ ಕುದುರೆಯಿದ್ದು, ಜೊತೆಗೆ ಬೆಳೆಯಲು ಹದಿಹರೆಯದ ಮಕ್ಕಳಿದ್ದರೆ ಮರಿಯನ್ನು ಧಾರಾಳವಾಗಿ ತನ್ನಿ. ದಿನಕ್ಕೆ ಎರಡು ಗಂಟೆ, ಅದೂ ತಪ್ಪದೆ, ಕೊಡಲಾಗದವರು ಎರಡನ್ನೂ ತರಬೇಡಿ. ಅಂಥವರಿಗೆ ಕೈದಿಗಳು ಜೈಲಿನಲ್ಲಿ ಪಳಗಿಸಿ, ಜೀನಿಗೆ ಒಗ್ಗಿಸಿದ ಮಸ್ಟ್ಯಾಂಗ್‌ಗಳೂ ಹರಾಜಿಗೆ ಬಂದದ್ದುಂಟು. ಬೆಲೆ ಹೆಚ್ಚು.

ದೊಡ್ಡದನ್ನೇ ಆರಿಸುವುದಾದರೆ ಹುಲ್ಲು ಹಾಕುವ ಹೊತ್ತಿಗೆ ದೊಡ್ಡಿಯ ಬಳಿ ಹೋಗಿ. ಬಣ್ಣ ನೋಡಬೇಡಿ. ಎಲ್ಲರನ್ನೂ ಒದ್ದು ಓಡಿಸಿ ತಿನ್ನುವುದೂ ಬೇಡ, ಹೆದರಿ ಗೋಡೆಗೊತ್ತಿ ನಿಲ್ಲುವುದೂ ಬೇಡ. ಉಳಿದವು ಸುಮ್ಮನೆ ಜಾಗ ಬಿಟ್ಟುಕೊಡುವ, ಬಾಯಿತುಂಬ ಹುಲ್ಲಿಟ್ಟುಕೊಂಡು ಎರಡೂ ಕಿವಿಯನ್ನು ನಿಮ್ಮ ಕಡೆಗೆ ತಿರುಗಿಸಿ ನಿಂತು ನೋಡುವ ಕುದುರೆಯೊಂದು ಇರುತ್ತದೆ. ಕೆಂಚ ನನಗೆ ಸಿಕ್ಕದ್ದು ಹಾಗೆ. ಅವನಿಗೊಂದು ಜೊತೆ ತರಲು ಬರುವ ವಸಂತದಲ್ಲಿ ಮತ್ತೆ ಹೋಗುತ್ತಿದ್ದೇನೆ, ಆರು ವರ್ಷ ದಾಟಿದ ಹೆಣ್ಣುಕುದುರೆಯನ್ನೇ ಹುಡುಕಿಕೊಂಡು.