ಇಬ್ರಾಹಿಂ ಸಾಹೇಬ್ ಸ್ಟ್ರೀಟ್: ಮೊಮ್ಮಗಳ ಗೌನಿಗೆ ಲೇಸು ಓಕೆ, ಎಂಬ್ರಾಯ್ಡರಿ ಬೇಡ

ಮೊದಲೇ ಹೇಳಿಬಿಡುತ್ತೇನೆ. ಲೇಸು, ದಾರ, ಸೂಜಿ, ರಿಬ್ಬನ್, ಇಂಥ ಸಣ್ಣಪುಟ್ಟ ಸಾಮಾನಿಗೆ ಬೆಂಗಳೂರು ಶಿವಾಜಿನಗರದ ಇಬ್ರಾಹಿಂ ಸಾಹೇಬ್ ಸ್ಟ್ರೀಟಿಗೆ ಧಾರಾಳವಾಗಿ ಹೋಗಿ. ಆದರೆ ಅಂಗಡಿಯವರು ಹೇಳಿದ್ದನ್ನೆಲ್ಲ ನಂಬಬೇಡಿ. ಬಟ್ಟೆ ಬೇರೆ ಕಡೆ ನೋಡಿ. ಕಂಪ್ಯೂಟರ್ ಎಂಬ್ರಾಯ್ಡರಿ ಮಾತ್ರ ಎಳೆಮಗುವಿನ ಬಟ್ಟೆಗೆ ಬೇಡವೇ ಬೇಡ.

ನಾನು ಹೋಗಿದ್ದು ಮೊಮ್ಮಗಳ ಜ್ಞಾನಸ್ನಾನದ, ಅಂದರೆ ಚರ್ಚಿನಲ್ಲಿ ನಡೆಯುವ ಬ್ಯಾಪ್ಟಿಸಂನ, ಗೌನ್ ಹೊಲಿಯುವ ಸಲುವಾಗಿ. ನನ್ನ ಮದುವೆಯ ಬಿಳಿ ರೇಷ್ಮೆ ಸೀರೆ ಬೀರುವಿನಲ್ಲೇ ಇತ್ತು, ಅದರಲ್ಲೇ ಮಾಡೋಣ ಅಂತ ಸೊಸೆಯೇ ಹೇಳಿದಳು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯಬಾರದು ಅಂತ ನಮ್ಮತ್ತೆ ಯಾವಾಗಲೂ ಅನ್ನುತ್ತಿದ್ದರು, ಹಾಗಾಗಿ ಮಗು ಬಂದ ಮೇಲೇ ಸೀರೆ ಹೊರಗೆ ತೆಗೆದೆ. ರೆಡಿಮೇಡ್ ಗೌನ್ ಕಮರ್ಷಿಯಲ್ ಸ್ಟ್ರೀಟ್ ಸುತ್ತಮುತ್ತ ಬೇಕಾದಷ್ಟು ಸಿಗುತ್ತದೆ ಬಿಡಿ. ಸ್ಯಾಟಿನ್, ನೆಟ್, ಮುತ್ತು, ಫ್ರಿಲ್, ಫೋಟೋದಲ್ಲಿ ಚೆನ್ನಾಗಿಯೇ ಕಾಣುತ್ತದೆ. ತಗೊಳ್ಳುವ ಮುಂಚೆ ಒಳಗಡೆ ಕೈ ಹಾಕಿ ಸೊಂಟದ ಹೊಲಿಗೆ ಮುಟ್ಟಿ ನೋಡಿ. ನೆಟ್ಟಿನ ಅಂಚು ನಮ್ಮ ಕೈಗೇ ಚುಚ್ಚುತ್ತದೆ, ಇನ್ನು ಮೂರು ತಿಂಗಳ ಮಗು ಸುಮ್ನೆ ಇರುತ್ತಾ?

ಗೌನ್ ಹೊಲಿಯೋರು ಜಾಸ್ತಿ ಜನ ಯೋಚನೆ ಮಾಡದ ವಿಷಯ ಒಂದಿದೆ. ಜ್ಞಾನಸ್ನಾನದಲ್ಲಿ ಗುರುಗಳು ಮಗುವಿನ ಎದೆಗೆ ಎಣ್ಣೆ ಹಚ್ಚುತ್ತಾರೆ, ತಲೆಗೆ ನೀರು ಹೊಯ್ಯುತ್ತಾರೆ, ಆಮೇಲೆ ನೆತ್ತಿಗೆ ಮತ್ತೆ ಪರಿಮಳದ ಎಣ್ಣೆ. ರೇಷ್ಮೆ ಮೇಲೆ ಬರೀ ನೀರು ಬಿದ್ದರೂ ಗುರುತು ಉಳಿಯುತ್ತದೆ, ಎಣ್ಣೆ ಬಿದ್ದರೆ ಕೇಳಲೇಬೇಡಿ. ಅದಕ್ಕೇ ನಾನು ಕತ್ತಿನಿಂದ ಎದೆವರೆಗಿನ ಯೋಕ್ ಪೂರ್ತಿ ತೆಳು ಹತ್ತಿ ಬಟ್ಟೆಯಲ್ಲಿ ಮಾಡಿ, ಅಲ್ಲಿಂದ ಕೆಳಗೆ ಮಾತ್ರ ರೇಷ್ಮೆ ಇಟ್ಟೆ. ಕತ್ತು ಸಡಿಲ, ಬೆನ್ನು ಪೂರ್ತಿ ಬಿಚ್ಚುವ ಹಾಗೆ. ಬೆನ್ನಿಗೆ ಗುಂಡಿ ಬೇಡ, ಮಲಗಿಸಿದಾಗ ಒತ್ತುತ್ತದೆ, ಕಿತ್ತು ಬಂದರೆ ಬಾಯಿಗೆ ಹೋಗುವ ಭಯ ಬೇರೆ. ಲಾಡಿ ಸಾಕು. ಹಾಗಾಗಿ ನನಗೆ ಬೇಕಿದ್ದದ್ದು ಹತ್ತಿ ಲೇಸು, ಸಣ್ಣ ರಿಬ್ಬನ್, ಸೂಜಿ, ದಾರ.

ಈಗ ಬೀದಿ ವಿಷಯಕ್ಕೆ ಬರೋಣ. ಕಮರ್ಷಿಯಲ್ ಸ್ಟ್ರೀಟ್ ಪಕ್ಕದಲ್ಲೇ ಇದೆ. ಟೈಲರುಗಳಿಗೆ ಬೇಕಾದ್ದೆಲ್ಲ ಇಲ್ಲೇ. ಅಂಗಡಿಗಳು ಇಕ್ಕಟ್ಟು, ಗೋಡೆ ತುಂಬ ಲೇಸಿನ ರೋಲು, ಕೌಂಟರ್ ಮುಂದೆ ನಾಲ್ಕು ಜನ ನಿಂತರೆ ಐದನೆಯವರು ರಸ್ತೆಯಲ್ಲಿ. ಕನ್ನಡ, ಉರ್ದು, ತಮಿಳು, ಯಾವುದರಲ್ಲಿ ಕೇಳಿದರೂ ಉತ್ತರ ಸಿಗುತ್ತದೆ. ಅಳತೆಯಲ್ಲಿ ಮೋಸ ಇಲ್ಲ, ನನ್ನ ಅನುಭವದಲ್ಲಂತೂ ಮೀಟರಿಗಿಂತ ಒಂದು ಬೆರಳು ಜಾಸ್ತಿಯೇ ಕತ್ತರಿಸಿ ಕೊಟ್ಟರು. ಮೀಟರ್ ಲೆಕ್ಕಕ್ಕೆ ಒಂದು ಬೆಲೆ, ಇಡೀ ರೋಲಿಗೆ ಬೇರೆ ಬೆಲೆ, ಕೇಳಿ ತಗೊಳ್ಳಿ.

ತೊಂದರೆ ಇರುವುದು ಹತ್ತಿ ಅನ್ನೋ ಮಾತಿನಲ್ಲಿ. ಒಂದು ಅಂಗಡಿಯಲ್ಲಿ "ಪ್ಯೂರ್ ಕಾಟನ್ ಅಮ್ಮ, ಗ್ಯಾರಂಟಿ" ಅಂತ ಕೊಟ್ಟ ಲೇಸಿನ ಮಿಂಚು ನೋಡಿಯೇ ನನಗೆ ಅನುಮಾನ. ನೆಟ್ ಇಲ್ಲದೆ ಹೂವು ಹೂವು ಸೇರಿಸಿದ ಹಾಗೆ ಕಾಣುವ ದಪ್ಪ ಲೇಸನ್ನು ಜಿಪಿಓ ಲೇಸ್ ಅಂತ ಮಾರುತ್ತಾರೆ, ಅದು ಬಹುತೇಕ ಪಾಲಿಯೆಸ್ಟರೇ. ಎರಡು ಅಂಗಡಿ ಆಚೆಗೆ ಒಬ್ಬರು ವಯಸ್ಸಾದ ಭಾಯ್ ಇದ್ದರು, ಅವರಿಗೆ ಆ ಚೂರು ತೋರಿಸಿದೆ. ಅವರು ಮಾತೇ ಆಡಲಿಲ್ಲ. ಅದರಿಂದ ಒಂದು ಎಳೆ ಕಿತ್ತು ಬೆಂಕಿಕಡ್ಡಿ ಹಿಡಿದರು, ಎಳೆ ಮುದುಡಿಕೊಂಡು ತುದಿಯಲ್ಲಿ ಕರಿ ಗುಂಡು ಕಟ್ಟಿತು, ಉಗುರಲ್ಲಿ ಒತ್ತಿದರೂ ಒಡೆಯಲಿಲ್ಲ. ಆಮೇಲೆ ತಮ್ಮ ಕ್ರೋಶಾ ಲೇಸಿನ ಎಳೆ ಸುಟ್ಟರು. ಕಾಗದ ಸುಟ್ಟ ವಾಸನೆ, ಬೆರಳಲ್ಲಿ ಉಜ್ಜಿದರೆ ಬೂದಿ ಪುಡಿಪುಡಿ. "ನೋಡಿದ್ರಾ ಅಮ್ಮ?" ಅಂದರು, ಅಷ್ಟೇ. ಮೀಟರಿಗೆ 40 ರೂಪಾಯಿ ಹೇಳಿದರು, ಚೌಕಾಸಿ ಮಾಡೋಕೆ ಮನಸ್ಸೇ ಬರಲಿಲ್ಲ.

ಕೇಳುವಾಗ ಇನ್ಸರ್ಷನ್ ಲೇಸ್ ಅಂದರೆ ಕೆಲವರಿಗೆ ತಿಳಿಯುವುದಿಲ್ಲ. ಎರಡು ಬದಿಯೂ ಸೀದಾ ಇರೋದು ಕೊಡಿ ಅನ್ನಿ. ಒಂದು ಬದಿ ಅಲೆಅಲೆಯಾಗಿ ಇರೋದು ಅಂಚಿಗೆ, ಎರಡೂ ಬದಿ ಸೀದಾ ಇರೋದು ಬಟ್ಟೆಯ ನಡುವೆ ಕೂರಿಸೋಕೆ. ಲೇಸನ್ನು ಬಟ್ಟೆ ಮೇಲೆ ಎರಡು ಬದಿ ಹೊಲಿದು, ಹಿಂದಿನ ಬಟ್ಟೆಯನ್ನು ನಡುವೆ ಸೀಳಿ, ಎರಡು ಕಡೆಗೂ ಮಡಚಿ ಮತ್ತೆ ಹೊಲಿದರೆ ಬೆಳಕು ಆ ಕಡೆಯಿಂದ ಕಾಣುತ್ತದೆ. ಹತ್ತಿ ಲೇಸು ಮತ್ತು ಯೋಕಿನ ಬಟ್ಟೆ ಎರಡನ್ನೂ ಮೊದಲು ನೀರಲ್ಲಿ ನೆನೆಸಿ ಒಣಗಿಸಿ. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಲೇಸು ಕುಗ್ಗಿ ಬಟ್ಟೆ ಸುಕ್ಕಾಗುತ್ತದೆ.

ಹೊಲಿಗೆ ಮೆಷಿನ್ನಿನ ಸೂಜಿ ಕೇಳಿದರೆ ಸಾಮಾನ್ಯವಾಗಿ 14 ಇಲ್ಲವೇ 16 ನಂಬರ್ ಎತ್ತಿ ಕೊಡುತ್ತಾರೆ, ಅದು ಬ್ಲೌಸು ಪ್ಯಾಂಟಿಗೆ ಸರಿ. ತೆಳು ಬಟ್ಟೆಗೆ 9 ಅಥವಾ 11 ಬೇಕು, ನೀವೇ ಬಾಯಿಬಿಟ್ಟು ಕೇಳಬೇಕು. ದಾರ ಕೂಡ ಹಾಗೇ. ಪಾಲಿಯೆಸ್ಟರ್ ದಾರ ಗಟ್ಟಿ ಅಂತ ಹೊಗಳುತ್ತಾರೆ, ಗಟ್ಟಿಯಾಗಿರುವುದೇ ಇಲ್ಲಿ ಸಮಸ್ಯೆ. ಹಳೇ ರೇಷ್ಮೆ ಎಳೆದಾಗ ದಾರ ಉಳಿದುಕೊಳ್ಳುತ್ತದೆ, ಬಟ್ಟೆ ಹರಿಯುತ್ತದೆ. ನಾನು ಹತ್ತಿ ದಾರವನ್ನೇ ಹಾಕಿದೆ, ಒಳಗೆಲ್ಲ ಫ್ರೆಂಚ್ ಸೀಮ್. ಬಟ್ಟೆಯ ಹಿಂಬದಿಗಳು ಒಳಗೆ ಬರುವ ಹಾಗೆ ಜೋಡಿಸಿ ಒಂದು ಹೊಲಿಗೆ, ಅಂಚನ್ನು 3 ಮಿಲಿಮೀಟರಿಗೆ ಕತ್ತರಿಸಿ, ತಿರುಗಿಸಿ ಇನ್ನೊಂದು ಹೊಲಿಗೆ. ಒಂದು ಎಳೆಯೂ ಹೊರಗೆ ಇಣುಕುವುದಿಲ್ಲ. ನಿಮ್ಮ ಸೀರೆಯೂ ಹಳೆಯದಾದರೆ ಕತ್ತರಿ ಹಾಕುವ ಮುಂಚೆ ಕಿಟಕಿಗೆ ಹಿಡಿದು ನೋಡಿ, ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿ ಇಟ್ಟಿದ್ದರೆ ಮಡಿಕೆಯ ಗೆರೆಯಲ್ಲೇ ರೇಷ್ಮೆ ಸೀಳಿರುತ್ತದೆ.

ಬಟ್ಟೆ ಯಾಕೆ ಬೇಡ ಅಂದೆ ಅಂದರೆ, ಈ ಬೀದಿಯಲ್ಲಿ ನನಗೆ ಸಿಕ್ಕಿದ್ದೆಲ್ಲ ಬ್ಲೌಸಿನ ಲೈನಿಂಗ್ ಬಟ್ಟೆ. ಗಂಜಿ ಹಾಕಿ ಗರಿಗರಿ ಮಾಡಿರುತ್ತಾರೆ, ಒಗೆದರೆ ಜಾಳುಜಾಳು. ಯೋಕಿಗೆ ಖಾದಿ ಅಂಗಡಿಯಿಂದ ಮಲ್ಮಲ್ ಅನ್ನೋ ಮೆತ್ತಗಿನ ತೆಳು ಹತ್ತಿ ಬಟ್ಟೆ ತಂದೆ, ಬೆಲೆ ಸ್ವಲ್ಪ ಜಾಸ್ತಿ.

ಇನ್ನು ಎಂಬ್ರಾಯ್ಡರಿ. ಗೌನ್ ಮುಂದೆ ಇನ್ನೂ ಮೊಮ್ಮಕ್ಕಳು ಹಾಕಿಕೊಳ್ಳಲಿ ಅನ್ನೋ ಆಸೆ, ಹಾಗಾಗಿ ಒಳಲಂಗದ ಅಂಚಿನಲ್ಲಿ ಹೆಸರು, ತಾರೀಖು ಹಾಕಿಸಿ ಮುಂದಿನವರಿಗೆ ಜಾಗ ಬಿಡೋಣ ಅಂದುಕೊಂಡೆ. ಮೊದಲು ಬೇರೆ ಮಲ್ಮಲ್ ಚೂರಿನ ಮೇಲೆ ಮಾಡಿಸಿ ನೋಡಿದೆ. ಅಕ್ಷರವೇನೋ ಅಚ್ಚುಕಟ್ಟು, ಕನ್ನಡದ ಒತ್ತಕ್ಷರವೂ ಸರಿಯಾಗಿ ಬಂದಿತ್ತು. ತಿರುಗಿಸಿ ನೋಡಿದರೆ ಹಿಂದೆ ಅಂಟಿಸಿದ ಗಟ್ಟಿ ಪೇಪರು. ಕೀಳೋಕೆ ಹೋದರೆ ಮಲ್ಮಲ್ಲೂ ಕಿತ್ತು ಬರುತ್ತದೆ, ಬಿಟ್ಟರೆ ಮಗುವಿನ ಕಾಲಿಗೆ ಉಜ್ಜುತ್ತದೆ. ಮೆತ್ತಗಿನದ್ದು ಇಲ್ವಾ ಅಂದರೆ "ಎಲ್ಲರಿಗೂ ಇದೇ ಹಾಕೋದು, ಯಾರೂ ಕಂಪ್ಲೇಂಟ್ ಮಾಡಿಲ್ಲ" ಅನ್ನೋ ಉತ್ತರ. ಮಕ್ಕಳು ಕಂಪ್ಲೇಂಟ್ ಬರೆದುಕೊಡುತ್ತಾರಾ, ಅಳುತ್ತಾರೆ ಅಷ್ಟೇ ಅಲ್ವಾ! ಚೂರಿನ ದುಡ್ಡು ಕೊಟ್ಟು ಬಂದೆ. ಹೆಸರನ್ನು ಬಿಳಿ ದಾರದಲ್ಲಿ ಕೈಯಲ್ಲೇ ಹಾಕಿದ್ದಾಯಿತು.

ಕೊನೆಗೆ ಜಿಪ್ ಇರುವ ಪ್ಲಾಸ್ಟಿಕ್ ಕವರ್ ಬೇಕಾ ಅಂತ ಕೇಳುತ್ತಾರೆ. ಬೇಡ ಅನ್ನಿ. ಒಗೆದು, ಗಂಜಿ ಹಾಕದೆ, ಹಳೇ ಹತ್ತಿ ಪಂಚೆಯಲ್ಲಿ ಸುತ್ತಿಟ್ಟರೆ ಆಯಿತು, ಆಗಾಗ ಮಡಿಕೆ ಬದಲಿಸಿ.

ಹೋಗೋದಾದರೆ ವಾರದ ದಿನ ಬೆಳಿಗ್ಗೆ, ಅಂಗಡಿ ತೆರೆದ ಹೊತ್ತಿಗೆ ಹೋಗಿ. ಕಾರು ತಗೊಂಡು ಹೋಗಬೇಡಿ, ಶಿವಾಜಿನಗರ ಬಸ್ ಸ್ಟ್ಯಾಂಡಿಂದ ನಡೆದೇ ಹೋಗಬಹುದು. ರಂಜಾನ್ ಸಂಜೆಗಳಲ್ಲಿ ಕಾಲಿಡೋಕೆ ಜಾಗ ಇರುವುದಿಲ್ಲ. ಆಗಸ್ಟ್ 29ಕ್ಕೆ ಸೇಂಟ್ ಮೇರಿಸ್ ಬೆಸಿಲಿಕಾದಲ್ಲಿ ಬಾವುಟ ಏರಿತು ಅಂದರೆ ಸೆಪ್ಟೆಂಬರ್ 8ರ ಹಬ್ಬ ಮುಗಿಯುವವರೆಗೆ ಆ ಕಡೆ ಜನವೋ ಜನ. ಆ ದಿನಗಳಲ್ಲಿ ಹೋದರೆ ಮೇಣದಬತ್ತಿ ಹಚ್ಚಿ ಬನ್ನಿ, ಲೇಸು ಆಮೇಲೆ ನೋಡಿಕೊಳ್ಳಬಹುದು.