ಎರಡೂ 62, ಬೆಲೆ ಮಾತ್ರ ಬೇರೆ

ಬದಿಯಡ್ಕದ ನಮ್ಮ ಮನೆಯಿಂದ ಎರಡು ಬೆಳ್ಳಿ ರೂಪಾಯಿ ಹರಾಜಿಗೆ ಕಳಿಸಿದ್ದೆ. ಎರಡೂ 1918ರವು, ಐದನೇ ಜಾರ್ಜ್ ತಲೆಯವು. ಎರಡರಲ್ಲೂ ಬಾಂಬೆ ಟಂಕಸಾಲೆಯ ಸಣ್ಣ ಚುಕ್ಕೆ ಇತ್ತು. ನಾಣ್ಯಗಳ ಸ್ಥಿತಿ ನೋಡಿ ಅಂಕೆ ಕೊಡುವ ಒಂದೇ ಕಂಪನಿ ಎರಡಕ್ಕೂ ಎಂಎಸ್ (ಮಿಂಟ್ ಸ್ಟೇಟ್, ಅಂದರೆ ಬಳಕೆಯಲ್ಲಿ ಸವೆಯದ್ದು) 62 ಗ್ರೇಡ್ ಕೊಟ್ಟು ಸ್ಲ್ಯಾಬ್, ಅಂದರೆ ಅಂಕೆ ಬರೆದು ಮುಚ್ಚಿದ ಗಟ್ಟಿ ಪ್ಲಾಸ್ಟಿಕ್ ಡಬ್ಬಿ, ಹಾಕಿತ್ತು. ಹರಾಜಿನಲ್ಲೂ ಒಂದರ ಹಿಂದೆ ಒಂದು ಬಂದವು. ಮೊದಲನೆಯದು 4,200 ರೂಪಾಯಿಗೆ ಹೋಯಿತು, ಎರಡನೆಯದು 11,500ಕ್ಕೆ.

ಗ್ರೇಡ್ 1ರಿಂದ 70ರ ತನಕ ಇರುತ್ತದೆ. 60ರಿಂದ ಮೇಲೆ ಇದ್ದರೆ ನಾಣ್ಯ ಕೈಯಿಂದ ಕೈಗೆ ಓಡಾಡಿ ಸವೆದಿಲ್ಲ ಎಂದರ್ಥ. ಟಂಕಸಾಲೆಯ ಚೀಲದಲ್ಲಿ ಒಂದಕ್ಕೊಂದು ತಾಗಿ ಗೀರು ಬಿದ್ದಿರುತ್ತದೆ, ಅಷ್ಟೇ. ಆ ಗೀರು ಎಲ್ಲಿದೆ ಅನ್ನೋದೇ ಮುಖ್ಯ. ನನ್ನ ಮೊದಲ ನಾಣ್ಯದಲ್ಲಿ ರಾಜನ ಕೆನ್ನೆಯ ಮೇಲೇ ಎರಡು ಉದ್ದ ಗೀರು. ಎರಡನೆಯದರಲ್ಲಿ ಗಡ್ಡದ ಕೂದಲಿನೊಳಗೆ, ಹುಡುಕಿದರೆ ಮಾತ್ರ ಸಿಗುವಂಥದ್ದು. ಗ್ರೇಡ್ ಹಾಕುವವರು ಇದನ್ನೂ ನೋಡುತ್ತಾರೆ. ಆದರೂ ಒಂದೇ ಅಂಕೆಯೊಳಗೆ ಚಂದದ್ದೂ ಇರುತ್ತದೆ, ಹೇಗೋ ದಾಟಿ ಬಂದದ್ದೂ ಇರುತ್ತದೆ.

ಮಿರುಗಿನ ವ್ಯತ್ಯಾಸ ಇನ್ನೂ ಜಾಸ್ತಿ. ಕಳಿಸುವ ಮೊದಲು ಒಂದೇ ಬಲ್ಬಿನ ಕೆಳಗೆ ಎರಡನ್ನೂ ಓರೆ ಮಾಡಿ ನೋಡಿದ್ದೆ. ಎರಡನೆಯದರ ಮೇಲೆ ಬೆಳಕು ಗಾಡಿ ಚಕ್ರದ ಅರಗಳ ಹಾಗೆ ಸುತ್ತು ಬರುತ್ತಿತ್ತು. ಅಂಚಲ್ಲಿ ಜೇನಿನ ಬಣ್ಣ, ಅದರ ಒಳಗೆ ತೆಳು ನೀಲಿ. ವರ್ಷಗಟ್ಟಲೆ ಹಳೆ ಕಾಗದದಲ್ಲಿ ಸುತ್ತಿಟ್ಟಿದ್ದ ನಾಣ್ಯ ಅದು. ಕಾಗದದ ಗಂಧಕ ತಾಗಿ ಬೆಳ್ಳಿ ತಾನಾಗಿ ಆ ಬಣ್ಣ ಹಿಡಿದಿತ್ತು. ಮೊದಲನೆಯದು ಬಿಳಿಯಾಗಿತ್ತು, ಆದರೆ ಸಪ್ಪೆ. ಹಿಂದೆ ಯಾರೋ ಕಪ್ಪು ಹೋಗಲೆಂದು ಔಷಧಿಯಲ್ಲಿ ಮುಳುಗಿಸಿ ತೆಗೆದಿರಬೇಕು. ಅದಕ್ಕೆ ಬಿಡ್ ಹಾಕಿದವರು ಬೇಗ ಕೈಬಿಟ್ಟರು. ಬಣ್ಣದ್ದಕ್ಕೆ ಕೊನೆಯವರೆಗೂ ಇಬ್ಬರು ಪಟ್ಟು ಬಿಡಲಿಲ್ಲ. ಹರಾಜಲ್ಲಿ ಒಬ್ಬನ ಆಸೆ ಸಾಲದು, ಇಬ್ಬರು ಬೇಕು.

1918ರ ರೂಪಾಯಿ ಅಪರೂಪದ್ದೇನಲ್ಲ, ಕೋಟಿಗಟ್ಟಲೆ ಅಚ್ಚಾಗಿದೆ. ಹಾಗಾಗಿ ಕೊಳ್ಳುವವರು ಅದರಲ್ಲಿ ಚಂದವನ್ನೇ ಹುಡುಕುತ್ತಾರೆ. 1911ರದ್ದಾದರೆ ಕಥೆ ಬೇರೆ. ರಾಜನ ನಿಲುವಂಗಿಯ ಮೇಲಿನ ಆನೆ ಹಂದಿಯ ಹಾಗೆ ಕಾಣುತ್ತದೆ ಎಂದು ಜನ ತಿರುಗಿಬಿದ್ದು, 1912ರಲ್ಲಿ ಅಚ್ಚು ತಿದ್ದಬೇಕಾಯಿತು. ಅದೇ ಹರಾಜಿನಲ್ಲಿ ಅಂಥದ್ದೊಂದು ಬರೀ 55ರ ಗ್ರೇಡಿನಲ್ಲೂ ನನ್ನ ಎರಡನೆಯದನ್ನು ದಾಟಿ ಹೋಯಿತು.

ಗ್ರೇಡಿಗೆ ಕಳಿಸಿದ ಮೂರನೆಯದು ಅಜ್ಜಿಯ ಸರದ್ದು. ಮೇಲೆ ಕೊಂಡಿ ಬೆಸೆದ ಗುರುತು ಇದೆ. ಪ್ರತಿ ಹಬ್ಬಕ್ಕೂ ಅಜ್ಜಿ ಅದನ್ನು ವಿಭೂತಿ ಹಾಕಿ ಉಜ್ಜುತ್ತಿದ್ದರು, ರಾಜನ ಮೀಸೆಯೆಲ್ಲ ನುಣುಪಾಗಿದೆ. ಅಂಕೆ ಸಿಗಲಿಲ್ಲ, ‘ಡೀಟೇಲ್ಸ್’ ಎಂದು ಬರೆದು ವಾಪಸ್ ಬಂತು. ಬೆಸೆದದ್ದಕ್ಕೂ ಉಜ್ಜಿದ್ದಕ್ಕೂ ಅಂಕೆ ಕೊಡುವುದಿಲ್ಲ. ಅದನ್ನು ಮಾರಲಿಲ್ಲ.

ನಮ್ಮ ಕಡೆ ಮನೆಯಲ್ಲಿ ಹಳೆ ರೂಪಾಯಿ ಇದ್ದವರು ದಯವಿಟ್ಟು ಉಜ್ಜಬೇಡಿ, ಹುಳಿಯನ್ನಂತೂ ಹಾಕಲೇಬೇಡಿ. ಆಟಿ ತಿಂಗಳ ಥಂಡಿಯಲ್ಲಿ ಮೆತ್ತನೆಯ ಪಿವಿಸಿ ಕವರಿನಲ್ಲೂ ಇಡಬೇಡಿ, ಹಸಿರು ಅಂಟು ಕೂರುತ್ತದೆ. ಮಾರುವ ಯೋಚನೆ ಇದ್ದರೆ ಸ್ಲ್ಯಾಬಿನ ಅಂಕೆಯ ಫೋಟೋ ಒಂದೇ ಸಾಲದು, ಓರೆ ಬೆಳಕಲ್ಲಿ ತೆಗೆದದ್ದನ್ನೂ ಕಳಿಸಿ. ನನ್ನ ಎರಡನೆಯದರ ಆ ನೀಲಿ ನೇರ ಬೆಳಕಿನ ಫೋಟೋದಲ್ಲಿ ಕಂಡೇ ಇರಲಿಲ್ಲ.