ವಿಜ್ಞಾನಕ್ಕೆ ಒಂದೇ ಅಳತೆಗೋಲೇ? ಮಡಿಕೇರಿಯ ಶಿಬಿರವೊಂದರ ವಿಮರ್ಶೆ

ವಿಜ್ಞಾನದ ಸ್ವರೂಪವನ್ನು ಸಾಮಾನ್ಯರಿಗೆ ತಿಳಿಸಿಕೊಡುವ ಎರಡು ದಿನಗಳ ಶಿಬಿರವೊಂದಕ್ಕೆ, ಊಟ ಕಾಫಿ ಸೇರಿ 1,500 ರೂಪಾಯಿ ಕೊಟ್ಟು, ಮಡಿಕೇರಿಗೆ ಹೋಗಿ ಬಂದೆ. ಬಂದವರಲ್ಲಿ ಹೆಚ್ಚಿನವರು ಪ್ರೌಢಶಾಲೆಯ ಶಿಕ್ಷಕರು; ತೋಟದ ಕೆಲಸ ಬಿಟ್ಟು ಬಂದ ಕಾಫಿ ಬೆಳೆಗಾರರು ನಾವು ನಾಲ್ಕೈದು ಮಂದಿ. ದೂರುವ ವಿಷಯವೂ ಇರುವುದರಿಂದ ನಡೆಸಿದವರ ಹೆಸರನ್ನು ಬರೆಯುತ್ತಿಲ್ಲ.

ಮೊದಲ ದಿನದ ರಸಾಯನಶಾಸ್ತ್ರದ ಪಾಠಕ್ಕೆ ಕೊಟ್ಟ ಹಣ ಸಾರ್ಥಕ. ಕೊಳೆರೋಗಕ್ಕೆ ನಾವು ವರ್ಷವೂ ಹೊಡೆಯುವ ಬೋರ್ಡೋ ದ್ರಾವಣವನ್ನೇ ಅವರು ಪಾಠಕ್ಕೆ ಆರಿಸಿಕೊಂಡಿದ್ದರು. ಒಂದು ಕಿಲೋ ಮೈಲುತುತ್ತಕ್ಕೆ (ತಾಮ್ರದ ಸಲ್ಫೇಟಿಗೆ) ಒಂದು ಕಿಲೋ ಸುಣ್ಣ, ಒಟ್ಟು 100 ಲೀಟರ್ ನೀರು ಎಂಬ ಲೆಕ್ಕವನ್ನು ಬಕೆಟ್ಟಿನ ಪ್ರಮಾಣಕ್ಕೆ ಇಳಿಸಿ, ಒಂದು ಬಕೆಟ್ಟಿನಲ್ಲಿ ಮಾತ್ರ ಬೇಕೆಂದೇ ಸುಣ್ಣವನ್ನು ಕಡಿಮೆ ಮಾಡಿದ್ದರು. ಮಸೆದ ಕತ್ತಿಯನ್ನು ಅದರಲ್ಲಿ ಒಂದು ನಿಮಿಷ ಅದ್ದಿ ತೆಗೆದಾಗ ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತಿತ್ತು. ಸುಣ್ಣ ಸೇರಿಸಿ ಕಲಕಿ, ಉಜ್ಜಿದ ಕತ್ತಿಯನ್ನು ಮತ್ತೆ ಅದ್ದಿದಾಗ ಅಲಗು ಹಾಗೆಯೇ ಹೊರಬಂತು. ಸುಣ್ಣದೊಡನೆ ಸೇರದೆ ಉಳಿದ ತಾಮ್ರವು ಕಬ್ಬಿಣಕ್ಕೆ ಅಂಟುತ್ತದೆ ಎಂಬ ವಿವರಣೆ ಅನಂತರ ಬಂತು. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ಹಣ್ಣು ಕೀಳದಿರಲೆಂದು ದಾರಿಬದಿಯ ದ್ರಾಕ್ಷಿಗೆ ಬಳಿದಿದ್ದ ಈ ನೀಲಿ ಲೇಪ ಬೂಷ್ಟುರೋಗವನ್ನೂ ತಡೆಯುವುದನ್ನು ಸಸ್ಯಶಾಸ್ತ್ರಜ್ಞ ಮಿಲಾರ್ಡೆ ಗಮನಿಸಿ, 1885ರಲ್ಲಿ ಪ್ರಕಟಿಸಿದ ಕತೆಯನ್ನೂ ಹೇಳಿದರು. ಮೂವತ್ತು ವರ್ಷದಿಂದ ಕತ್ತಿ ಅದ್ದಿ ನೋಡುತ್ತಿರುವ ನನಗೂ ಇದು ಹೊಸದು.

ಎರಡನೆಯ ದಿನ ದಾರಿ ತಪ್ಪಿತು. ಪ್ರಯೋಗಶಾಲೆಯಲ್ಲಿ ಮರುಮಾಡಿ ತೋರಿಸಲಾಗದ್ದು ವಿಜ್ಞಾನವಲ್ಲ ಎಂದು ಉಪನ್ಯಾಸಕರು ಹಲಗೆಯ ಮೇಲೆ ಬರೆದರು. ಮಕ್ಕಂದೂರು ಕಡೆಯ ಶಿಕ್ಷಕಿಯೊಬ್ಬರು ಎದ್ದು, ‘ಹಾಗಾದರೆ 2018ರ ಆಗಸ್ಟಿನಲ್ಲಿ ನಮ್ಮ ಗುಡ್ಡ ಯಾಕೆ ಜರಿಯಿತು ಎಂದು ಹೇಳುವವರು ಯಾರು ಸಾರ್?’ ಎಂದು ಕೇಳಿದರು. ಅದೆಲ್ಲ ಊಹೆಯ ಮಾತು ಎಂಬ ಉತ್ತರ ಬಂದಾಗ ಸಭೆಯಲ್ಲಿ ಗುಸುಗುಸು ಎದ್ದಿತು. ನನಗಂತೂ ಸಿಟ್ಟೇ ಬಂತು. ಜರಿದ ಗುಡ್ಡವನ್ನು ಯಾರೂ ಮತ್ತೊಮ್ಮೆ ಜರಿಸಿ ನೋಡಲಾರರು, ನಿಜ. ಆದರೆ ಭೂವಿಜ್ಞಾನಿಯು ಜರಿದ ಜಾಗದ ಮಣ್ಣಿನ ಪದರ, ಇಳಿಜಾರಿನ ಕೋನ, ರಸ್ತೆಗೂ ಮನೆಗೂ ಗುಡ್ಡವನ್ನು ನೆಟ್ಟಗೆ ಕಡಿದ ಗುರುತು, ಆ ದಿನಗಳ ಮಳೆಯ ದಾಖಲೆ ಇವನ್ನೆಲ್ಲ ಎದುರಿಗಿಟ್ಟುಕೊಂಡು, ಹಲವು ಕಾರಣಗಳಲ್ಲಿ ಯಾವುದು ಈ ಗುರುತುಗಳಿಗೆ ಹೊಂದುವುದಿಲ್ಲವೋ ಅದನ್ನು ಒಂದೊಂದಾಗಿ ಬಿಡುತ್ತಾ ಹೋಗುತ್ತಾನೆ. 1912ರಲ್ಲಿ ಜರ್ಮನಿಯ ವಿಜ್ಞಾನಿ ವೆಗೆನರ್ ಹೇಳಿದ ಖಂಡಗಳ ಚಲನೆಯನ್ನು ಒಪ್ಪಿಸಿದ್ದೂ ಪ್ರಯೋಗಶಾಲೆಯಲ್ಲ. 1960ರ ದಶಕದಲ್ಲಿ ಸಾಗರತಳದ ಬಂಡೆಗಳಲ್ಲಿ ಓದಿದ, ಆ ತಳ ಹರಡುತ್ತಾ ಹೋಗುತ್ತಿದೆ ಎಂದು ತೋರಿಸಿದ ಕಾಂತೀಯ ಪಟ್ಟೆಗಳು.

ಕೈಪಿಡಿಯಲ್ಲಿ ವಿಜ್ಞಾನದ ತತ್ವಶಾಸ್ತ್ರಜ್ಞ ಕಾರ್ಲ್ ಪಾಪರ್ ಅವರ ಮಾತನ್ನು ಎತ್ತಿ ಹಾಕಿದ್ದರು: ಸುಳ್ಳೆಂದು ತೋರಿಸಲು ಅವಕಾಶವಿರುವ ಹೇಳಿಕೆ ಮಾತ್ರ ವಿಜ್ಞಾನ. ಆದರೆ ಪಾಪರ್ ಪ್ರಯೋಗಶಾಲೆಯನ್ನೇ ಕೇಳಿದವರಲ್ಲ. 1919ರ ಸೂರ್ಯಗ್ರಹಣದಲ್ಲಿ ಐನ್‌ಸ್ಟೈನರ ಸಿದ್ಧಾಂತವನ್ನು ಆಕಾಶದಲ್ಲಿ ಪರೀಕ್ಷಿಸಿದ್ದು ಅವರ ಮೆಚ್ಚಿನ ಉದಾಹರಣೆ. ಡಾರ್ವಿನ್ನರ ನಿಸರ್ಗದ ಆಯ್ಕೆಯ ತತ್ವವನ್ನು ಪರೀಕ್ಷಿಸಲಾಗದು ಎಂದಿದ್ದ ಅವರೇ 1970ರ ದಶಕದ ಕೊನೆಯಲ್ಲಿ ಆ ಮಾತನ್ನು ಹಿಂತೆಗೆದುಕೊಂಡರು. ಕೈಪಿಡಿಯಲ್ಲಿ ಇವೆರಡೂ ಇಲ್ಲ.

ಕಾಫಿ ಗಿಡದ ಕಾಂಡ ಕೊರೆಯುವ ಹುಳುವಾದ ಬಿಳಿ ಕಾಂಡಕೊರಕದ ಬಗ್ಗೆ ಮಾತಾಡಿದ ಅತಿಥಿ ಕೀಟಶಾಸ್ತ್ರಜ್ಞರಿಗೆ ಕೊಟ್ಟದ್ದು ಅರ್ಧ ಗಂಟೆ ಮಾತ್ರ, ಅದೊಂದು ಅನ್ಯಾಯ. ಒಂದು ಕಿಲೋ ಮೈಲುತುತ್ತ ಎಲ್ಲಿ ತೂಗಿದರೂ ಒಂದೇ. ಅರೇಬಿಕಾ ಕಾಫಿ ಗಿಡ ಹಾಗಲ್ಲ, ನೆರಳು ಕಡಿಮೆಯಾದ ಕಡೆ ಹುಳು ಹೆಚ್ಚು, ಆದ್ದರಿಂದ ಮದ್ದು ಕೊಡದ ಸಾಲನ್ನೂ ಪಕ್ಕದಲ್ಲಿಟ್ಟು ಎಣಿಸಿಯೇ ಹೇಳಬೇಕು, ಹಾಗೆ ಹೇಳಿದ್ದೂ ಖಚಿತವಾಗಿರದೆ ಸಂಭವದ ಮಾತಾಗಿರುತ್ತದೆ ಎಂದು ಅವರು ಸರಳವಾಗಿ ವಿವರಿಸಿದರು. ನಮ್ಮ ತೋಟಗಳಲ್ಲಿ ಅಜ್ಜಂದಿರ ಕಾಲದಿಂದ ಇಂಚು–ಸೆಂಟಿನಲ್ಲಿ (ಸೆಂಟು ಎಂದರೆ ಇಂಚಿನ ನೂರನೇ ಒಂದು ಪಾಲು) ಬರೆದಿಟ್ಟ ಮಳೆ ಪುಸ್ತಕಗಳಿಗೂ ಇದೇ ನ್ಯಾಯ: ಒಂದು ವರ್ಷ ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟರೆ ಹವಾಮಾನ ಬದಲಾಯಿತು ಎನ್ನಲಾಗದು, ಹಲವು ದಶಕಗಳ ಸಾಲು ಬೇಕು. ಇದನ್ನು ಪ್ರಸ್ತಾಪಿಸಲು ನಾನು ಕೈ ಎತ್ತಿದಾಗ ಊಟದ ಗಂಟೆಯಾಗಿತ್ತು.

ಊಟ ಚೆನ್ನಾಗಿತ್ತು. ಕೈಪಿಡಿಯ ಕನ್ನಡ ಒಣಒಣ. ಮೊದಲ ದಿನಕ್ಕೆ ಮಾತ್ರ 700 ರೂಪಾಯಿ ಕೊಟ್ಟು ಸೇರಲು ಅವಕಾಶವಿದೆ. ಶಿಕ್ಷಕರು ಅಷ್ಟಕ್ಕೆ ಸೇರಿ, ಆ ಕೀಟಶಾಸ್ತ್ರಜ್ಞರ ಮಾತನ್ನೂ ಅಂದೇ ಇಡಿ ಎಂದು ನಡೆಸುವವರನ್ನು ಕೇಳಿಕೊಳ್ಳುವುದು ಒಳ್ಳೆಯದು.